ಸಂತೆಯಲ್ಲಿ ಕರಿ ತುಪ್ಪಟ

ರೈತ ಸಂತೆಯಲ್ಲಿ ಕೂತು ನೂತು ತೋರಿಸಿ, ಅಲ್ಲೇ ನೂಲು ಮಾರಬೇಕೆಂದಿದ್ದೇನೆ, ಲಡಿಗೆ ಎಷ್ಟು ಹೇಳಲಿ ಎಂದು ಹೊಸದುರ್ಗದ ಓದುಗರೊಬ್ಬರು ಕೇಳಿದ್ದಾರೆ. ದರ ಆಮೇಲಿನ ಮಾತು. ನೂಲುವುದು ಏನನ್ನು ಅನ್ನುವುದು ಮೊದಲು ಇತ್ಯರ್ಥವಾಗಲಿ.

ನೂಲು ತೋರಿಸುವವರೆಲ್ಲ ಪೆಟ್ಟಿಗೆ ಚರಕ ಬಿಚ್ಚಿ, ಬಿಳಿ ಹತ್ತಿಯ ಹಂಜಿ ಹಿಡಿದು ಕೂರುತ್ತಾರೆ. ಖಾದಿಯ ಮೇಲೆ ನನಗೆ ಗೌರವವಿದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಾಗ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಪರವಾಗಿ ಇಲ್ಲೇ ಸಿಟ್ಟಿನಿಂದ ಬರೆದಿದ್ದೆ. ಆದರೂ ನೂಲೆಂದರೆ ಹತ್ತಿ, ನೂಲುವ ದಿನವೆಂದರೆ ಅಕ್ಟೋಬರ್ 2 ಎಂದು ಊರಿಗೆಲ್ಲ ನಂಬಿಸಿದ ಪಂಥದ ಜೊತೆ ನನ್ನ ಜಗಳ ಹಳೆಯದು. ದುರ್ಗದ ಸೀಮೆಯ ನೂಲು ಉಣ್ಣೆಯದು. ಚಳ್ಳಕೆರೆ ಕಂಬಳಿಗೆ ಹೆಸರು ತಂದವರು ತುಪ್ಪಟ ಹಿಂಜಿ ನೂತ ಕುರುಬರ ಹೆಂಗಸರು.

ಮೆರಿನೊ ಮುಟ್ಟಿ ಬಂದವರು ನಮ್ಮ ಬಳ್ಳಾರಿ, ಡೆಕ್ಕನಿ ಕುರಿಗಳ ತುಪ್ಪಟ ಚುಚ್ಚುತ್ತದೆ ಎಂದು ಮೂಗು ಮುರಿಯುತ್ತಾರೆ. ಚುಚ್ಚಲಿ, ಅದು ಮೈಗಂಟುವ ಅಂಗಿಯ ನೂಲಲ್ಲ. ಎಳೆ ಗಿಡ್ಡ, ಆದ್ದರಿಂದ ಹುರಿ ಜಾಸ್ತಿ ಬೇಕು. ಬಿಗಿ ಹುರಿಯ ಹಾಸು ಹುಣಸೆ ಬೀಜದ ಗಂಜಿ ಕುಡಿದು ಮಗ್ಗಕ್ಕೇರಿದರೆ, ಆ ಕಂಬಳಿ ಹೊದ್ದ ಕುರಿಗಾಹಿ ಮಳೆಯಲ್ಲೂ ಅಡವಿಯಲ್ಲಿ ನಿಲ್ಲಬಲ್ಲ. ಕಪ್ಪು ಕುರಿಯದೇ ಬಣ್ಣ, ಅದ್ದುವ ಕೆಲಸವೇ ಇಲ್ಲ. ಇಷ್ಟಾದರೂ ಉಣ್ಣೆಗೆ ದರವಿಲ್ಲವೆಂದು ಕುರಿಗಾರರು ಮಾಂಸದ ತಳಿಗಳತ್ತ ತಿರುಗುತ್ತಿದ್ದಾರೆ. ಕತ್ತರಿಸಿದ ತುಪ್ಪಟ ಎಷ್ಟೋ ಕಡೆ ಬೇಲಿಯ ಪಾಲು.

ಮದಕರಿಪುರದ ಕಡೆಯ ಅಜ್ಜಿಯೊಬ್ಬರು ನೂಲುವುದನ್ನು ನೋಡಿದ್ದೇನೆ. ಕಣ್ಣು ಎದುರಿಗೆ ನಿಂತವರ ಮೇಲೆ, ಕದಿರಿನ ಮೇಲಲ್ಲ. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ತುಪ್ಪಟ ಜಾರುತ್ತದೆ, ಉಣ್ಣೆಯ ಜಿಡ್ಡಿಗೆ ಆ ಬೆರಳು ಮಿಂಚುತ್ತಿರುತ್ತದೆ. ಕಾಲೇಜು ಹುಡುಗನೊಬ್ಬ ನಾನೂ ನೋಡ್ತೀನಿ ಎಂದು ಹಿಡಿದ, ಎಳೆ ಕಿತ್ತುಬಂತು. “ಎಳೀಬ್ಯಾಡಪ್ಪ, ಬಿಟ್ಟುಕೊಡು, ತಾನೇ ಬರ್ತತಿ” ಅಂದರು ಅಜ್ಜಿ. ನೂಲುವ ಪಾಠ ಇದಕ್ಕಿಂತ ಚೊಕ್ಕವಾಗಿ ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ.

ಇದನ್ನು ಬರೆಯುವಾಗ 12ನೇ ಶತಮಾನದ ಕದಿರ ರೆಮ್ಮವ್ವೆ ನೆನಪಾಗುತ್ತಾಳೆ, ದರದ ಲೆಕ್ಕ ಹಿಂದೆ ಬೀಳುತ್ತದೆ. ನೂಲುವುದೇ ಕಾಯಕವಾಗಿದ್ದ ಶರಣೆ, ಗುಮ್ಮೇಶ್ವರನ ಅಂಕಿತದವಳು. ತಾನು ತಿರುಗಿಸುವ ರಾಟೆಯ ಕುಲಗೋತ್ರ ಹೇಳುತ್ತೇನೆ ಕೇಳಿ ಎಂದು ಶುರುಮಾಡಿ, ಕೆಳಗಿನ ಹಲಗೆಯಲ್ಲಿ ಬ್ರಹ್ಮನನ್ನೂ ತೋರಣದಲ್ಲಿ ವಿಷ್ಣುವನ್ನೂ ನಿಂತ ಗೊಂಬೆಯಲ್ಲಿ ರುದ್ರನನ್ನೂ ಕಾಣುತ್ತಾಳೆ. ಅವಳಿಗೆ ಕದಿರೇ ಅರಿವು, ತಿರುಗಿಸುವ ಕೈ ಭಕ್ತಿ. ವ್ಯಾಖ್ಯಾನಕಾರರು ತ್ರಿಮೂರ್ತಿಗಳಲ್ಲೇ ನಿಂತುಬಿಡುತ್ತಾರೆ. ನನಗೆ ದೊಡ್ಡದೆನಿಸುವುದು ಕೊನೆ: ನೂಲು ಸುತ್ತಿ ಕದಿರು ತುಂಬಿತು, ಇನ್ನು ತಿರುಗಿಸಲಾರೆ, ಗಂಡ ಹೊಡೆದಾನು ಎಂದು ದೇವರೆದುರು ಹೇಳುತ್ತಾಳೆ. ತುಂಬಿದ ಕದಿರು ಭಾರವಾಗಿ, ಓಲಾಡಿ, ಎಳೆ ಹರಿಯುತ್ತದೆ. ಕೈಯಾರೆ ನೂತವಳಿಗಲ್ಲದೆ ಈ ಮಾತು ಹೊಳೆಯದು.

ಸಂತೆಹೊಂಡದ ಬಳಿಯೋ ಹಿರಿಯೂರಿನಲ್ಲೋ ಕೂರುವವರು ಇದನ್ನೂ ತೋರಿಸಿ. ನೂಲುವುದನ್ನಷ್ಟೇ ತೋರಿಸಿ ಏಳಬೇಡಿ, ತುಂಬಿದ ಕದಿರನ್ನು ಜನರ ಎದುರೇ ಬಿಚ್ಚಿ ಲಡಿ ಸುತ್ತಿ. ಒಂದು ಕದಿರಿನಲ್ಲಿ ಎಷ್ಟು ಉದ್ದದ ನೂಲಿದೆ ಎಂಬುದನ್ನು ಕೊಳ್ಳುವವರು ಕಣ್ಣಾರೆ ಕಾಣಲಿ, ಚೌಕಾಸಿಗೆ ಮೊದಲು ಹುರಿಯನ್ನು ಬೆರಳಲ್ಲಿ ತೀಡಿ ನೋಡಲಿ.