ಕನಸಿಗೆ ಖರ್ಚು ಕೊಟ್ಟವರು

ಕಲಾವಿದ ಹೊರದೇಶಕ್ಕೆ ಹೋಗಿಬರುವ ಹಣ ಯಾರದು ಎಂದು ನಮ್ಮ ವಿಮರ್ಶೆ ಕೇಳುವುದು ಕಡಿಮೆ. ಕೃತಿಯ ವಸ್ತು, ತಂತ್ರ, ಭಾಷೆಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಟಿಕೆಟಿನ ಲೆಕ್ಕವನ್ನು ಗುಮಾಸ್ತರಿಗೆ ಬಿಟ್ಟುಕೊಟ್ಟಿದ್ದೇವೆ. ಆದರೆ ಗಿರೀಶ್ ಕಾರ್ನಾಡರ ‘ಟಿಪೂ ಸುಲ್ತಾನ್ ಕಂಡ ಕನಸು’ ನಾಟಕವನ್ನು ಈ ಲೆಕ್ಕ ಬಿಟ್ಟು ಓದುವುದು ಕಷ್ಟ.

ಈ ನಾಟಕ ಹುಟ್ಟಿದ್ದು ಬಿಬಿಸಿ ರೇಡಿಯೊದ ಕೋರಿಕೆಯಿಂದ. 1997ರಲ್ಲಿ, ಭಾರತದ ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ, ಅದು ಇಂಗ್ಲಿಷಿನಲ್ಲಿ ಪ್ರಸಾರವಾಯಿತು. ಕನ್ನಡಕ್ಕೆ ಬಂದದ್ದು ಆಮೇಲೆ. ಕಾರ್ನಾಡರ ಮಟ್ಟಿಗೆ ಹೊರಗಿನ ಹಣ ಹೊಸದೇನೂ ಆಗಿರಲಿಲ್ಲ. 1960ರಲ್ಲಿ ಅವರನ್ನು ಆಕ್ಸ್‌ಫರ್ಡಿಗೆ ಕರೆದೊಯ್ದದ್ದು ರೋಡ್ಸ್ ವಿದ್ಯಾರ್ಥಿವೇತನ. ಅಂದರೆ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ಕಪ್ಪು ಜನರ ಬೆವರಿನಿಂದ ಕೂಡಿದ ಸಂಪತ್ತು. 1987-88ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಅಲ್ಲಿಯೇ ‘ನಾಗಮಂಡಲ’ ಮೊದಲು ರಂಗಕ್ಕೆ ಬಂತು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡದ ಅಜ್ಜಿಕತೆ ಅಮೆರಿಕದಲ್ಲಿ ನಾಟಕವಾಗಿ ಊರಿಗೆ ಮರಳಿತು.

ಹಾಗಾದರೆ ಹಣ ಕೊಟ್ಟವನ ರಾಗವನ್ನೇ ಕಾರ್ನಾಡರು ಹಾಡಿದರೆ? ಇಲ್ಲ. ಲಂಡನ್ನಿನ ರೇಡಿಯೊ ಕೇಳಿದ ನಾಟಕಕ್ಕೆ ಅವರು ಆರಿಸಿಕೊಂಡದ್ದು ಇಂಗ್ಲಿಷರ ಕಡುವೈರಿಯನ್ನು. ಅದೂ ಕುದುರೆ ಏರಿ ಕತ್ತಿ ಝಳಪಿಸುವ ಟಿಪ್ಪುವನ್ನಲ್ಲ, ರಾತ್ರಿ ಕಂಡ ಕನಸನ್ನು ಬೆಳಿಗ್ಗೆ ತನ್ನ ಕೈಯಾರೆ ಪಾರಸಿಯಲ್ಲಿ ಗುಟ್ಟಾಗಿ ಬರೆದಿಡುತ್ತಿದ್ದ ಟಿಪ್ಪುವನ್ನು. ಮೂವತ್ತೇಳು ಕನಸುಗಳ ಆ ಹೊತ್ತಗೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ, ಮರುವರ್ಷ ಈಸ್ಟ್ ಇಂಡಿಯಾ ಕಂಪನಿಗೆ ಕಾಣಿಕೆಯಾಗಿ ಹೋಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರತ್ತ ಕಾರ್ನಾಡರ ಗಮನ ಸೆಳೆದವರೂ ರಾಮಾನುಜನ್ನರೇ.

ಇಲ್ಲಿ ನನಗೆ ಮುಖ್ಯವೆನಿಸುವ ಪಾತ್ರ ಟಿಪ್ಪು ಅಲ್ಲ, ಇತಿಹಾಸಕಾರ ಕಿರ್ಮಾನಿ. ಹೈದರ್ ಮತ್ತು ಟಿಪ್ಪುವಿನ ಅನ್ನ ತಿಂದವನು ಈಗ ಅವರ ವೈರಿಗಳ ಸಂಬಳದಲ್ಲಿ ಅವರ ಚರಿತ್ರೆ ಹೇಳಬೇಕು. ಎದುರಿಗೆ ಮೆಕೆಂಜಿ ಎಂಬ ಸ್ಕಾಟಿಷ್ ವಿದ್ವಾಂಸ ಕುಳಿತಿದ್ದಾನೆ. ತಾನೀಗ ಯಾರು ಎಂಬ ಪ್ರಶ್ನೆ ಕಿರ್ಮಾನಿಯನ್ನು ಕಾಡುತ್ತದೆ. ಹೊರಗಿನ ಹಣದಲ್ಲಿ ಬರೆದ ಲೇಖಕ ತನ್ನ ಇಕ್ಕಟ್ಟನ್ನು ನಾಟಕದ ಒಳಗೇ ಇಟ್ಟಿದ್ದಾನೆಂದು ನಾನು ಓದುತ್ತೇನೆ. ನಾಟಕದ ಜೀವ ಇರುವುದೂ ಇಲ್ಲಿಯೇ. ಆದರೆ ಹೊರಗಿನ ಕೇಳುಗನಿಗೆ ಕೊಟ್ಟ ಬೆಲೆಯೂ ಇದೆ. ಯಾರು ಯಾರ ಮಗ, ಯಾವ ಯುದ್ಧ ಯಾವಾಗ ಎಂಬ ವಿವರಣೆ ಇಬ್ಬರ ಬಾಯಲ್ಲೂ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಇಂಗ್ಲೆಂಡಿನಲ್ಲಿ ರೇಡಿಯೊ ಹಚ್ಚಿದವನಿಗೆ ಅದು ಬೇಕಿತ್ತು. ಟಿಪ್ಪುವಿನ ಲಾವಣಿ ಕೇಳಿ ಬೆಳೆದವನಿಗೆ, 1791ರಲ್ಲಿ ಇಂಗ್ಲಿಷರು ಹಿಡಿದ ನಂದಿದುರ್ಗವನ್ನೂ ಕಳವಾರದ ಸ್ಕಂದಗಿರಿಯ ಮುರಿದ ಕೋಟೆಯನ್ನೂ ದಿನಾ ಕಾಣುವ ಚಿಕ್ಕಬಳ್ಳಾಪುರದವನಿಗೆ ಅದು ಬೇಕಿಲ್ಲ. ಕನ್ನಡ ರೂಪದಲ್ಲೂ ಆ ಭಾರ ಪೂರ್ತಿ ಇಳಿದಿಲ್ಲ. ಸ್ಕಂದಗಿರಿಯೋ ಈಗ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಸೂರ್ಯೋದಯ ನೋಡಲು ಬರುವ ಬೆಂಗಳೂರಿಗರ ಬೆಟ್ಟವಾಗಿದೆ, ಅದು ಬೇರೆ ಮಾತು.

ಜನರನ್ನು ಹೊರದೇಶಕ್ಕೆ ಕಳಿಸುವ ಖರ್ಚನ್ನು ಸ್ವತಃ ಟಿಪ್ಪು ಚೆನ್ನಾಗಿ ಬಲ್ಲವನು. ಅವನ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಯನ್ನು ಕಂಡರು. ಸೈನ್ಯದ ನೆರವು ಸಿಗಲಿಲ್ಲ, ಕಸುಬುದಾರರು ಸಿಕ್ಕರು. ಟಿಪ್ಪು ಕೇಳಿಕಳಿಸಿದವರಲ್ಲಿ ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಪಿಂಗಾಣಿ ಮಾಡುವವರು ಇದ್ದರು. ಇಸ್ತಾಂಬುಲ್‌ಗೆ ಹೊರಟ ನೂರಾರು ಜನರ ತಂಡದಲ್ಲಿ ಬಹುಪಾಲು ಮಂದಿ ರೋಗಕ್ಕೆ ಬಲಿಯಾದರು. ರೇಷ್ಮೆ ಹುಳುವಿಗಾಗಿ ಬಂಗಾಳಕ್ಕೂ ಮಸ್ಕತ್ತಿಗೂ ಜನ ಹೋದರು. ಇಂದು ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೈಗಳಲ್ಲಿ ಬಹಳಷ್ಟು ಮುಸ್ಲಿಮರವು. ಅವರ ಒಲೆಯ ಹಿಂದೆ ಆ ಪ್ರಯಾಣದ ಖರ್ಚಿದೆ. ಅಲ್ಲಿ ಹೋದವನು ಕೊಡುವುದಕ್ಕೂ ಕಲಿಯುವುದಕ್ಕೂ ಹೋಗಿದ್ದ. ಪ್ರದರ್ಶನಕ್ಕೆ ನಿಲ್ಲಿಸಲು ಅವನನ್ನು ಕಳಿಸಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಕೆಲಸಕ್ಕೆ ಸಂಸ್ಥೆಯ ರೂಪ ಕೊಟ್ಟವರು ಮೌಲಾನಾ ಅಬುಲ್ ಕಲಾಂ ಆಜಾದ್. 1950ರಲ್ಲಿ ಅವರು ಕಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಅದೇ ವರ್ಷ ‘ಸಕಾಫತುಲ್ ಹಿಂದ್’ ಎಂಬ ಅರಬ್ಬಿ ಪತ್ರಿಕೆಯನ್ನು ಹೊರತಂದಿತು. ನಮ್ಮ ಮಾತನ್ನು ಅವರ ಭಾಷೆಯಲ್ಲಿ ಹೇಳಬೇಕೆಂಬ ವಿವೇಕ ಅದರಲ್ಲಿತ್ತು. ಇಂದು ಪರಿಷತ್ತಿನ ಪಟ್ಟಿಗೆ ಸೇರಲು ಕಲಾವಿದ ಅರ್ಜಿ ಹಾಕಬೇಕು, ಪ್ರದರ್ಶನದ ದಾಖಲೆ ಒದಗಿಸಬೇಕು, ‘ಪ್ರತಿಭಾವಂತ’, ‘ಪ್ರತಿಷ್ಠಿತ’ ಎಂಬಂಥ ದರ್ಜೆಗಳಲ್ಲಿ ಒಂದಕ್ಕೆ ಸಲ್ಲಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬೀದರದ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೂ ಬಂತು. ಸಂತೋಷವೇ. ಆದರೆ ಸಾವಿನ ಮನೆಯ ಮುಂದೆಯೂ ಜಾತ್ರೆಯಲ್ಲೂ ಬಾರಿಸುತ್ತ ಬದುಕುವ ಉಳಿದ ತಮಟೆಯವರು, ಚಿಂತಾಮಣಿ ತಾಲ್ಲೂಕಿನ ಮುರುಗಮಲೆಯ ಅಮ್ಮಾಜಾನ್ ಬಾವಾಜಾನ್ ದರ್ಗಾದಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕೂತು ಕೇಳುವ ಕವ್ವಾಲರು, ಯಾವ ದರ್ಜೆ?

ಇನ್ನೊಂದು ಉದಾಹರಣೆ ನಮ್ಮ ಕಣ್ಣ ಮುಂದಿನದು. ಬಾನು ಮುಷ್ತಾಕರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಐವತ್ತು ಸಾವಿರ ಪೌಂಡು ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು. ಎಲ್ಲರೂ ಹೇಳಿದ ಸುದ್ದಿ ಇದು. ಕಡಿಮೆ ಹೇಳಿದ ಸುದ್ದಿಯೆಂದರೆ, ಪ್ರಶಸ್ತಿಗೆ ಮುಂಚೆಯೇ ಈ ಅನುವಾದಕ್ಕೆ ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ಅನುದಾನ ಸಿಕ್ಕಿತ್ತು, ಮತ್ತು ಆ ಅನುದಾನಕ್ಕೆ ಬ್ರಿಟನ್ನಿನ ಸಾರ್ವಜನಿಕ ಹಣದ ಬೆಂಬಲವಿದೆ. ಹಾಸನದ ಮುಸ್ಲಿಂ ಹೆಂಗಸರ ನೋವು ಲೋಕಕ್ಕೆ ಕೇಳಿಸಲು ಅಲ್ಲಿನ ತೆರಿಗೆದಾರ ಖರ್ಚು ಹಾಕಿದ. ಅವರು ದಸರಾ ಉದ್ಘಾಟಿಸಬಾರದೆಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತವರು ಇಲ್ಲಿಯವರು.

ವಿದೇಶಿ ಹಣವೆಂದರೆ ಸಂಚು ಎನ್ನುವ ಗದ್ದಲವನ್ನು ನಾನು ಒಪ್ಪುವುದಿಲ್ಲ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ನಡೆಸಿ ಹಳ್ಳಿಹಳ್ಳಿಗೆ ಸಿನಿಮಾ, ರಂಗತರಬೇತಿ ಒಯ್ದಾಗ ಯಾರ ಸಂಸ್ಕೃತಿಯೂ ಕೆಡಲಿಲ್ಲ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ತಂಡಕ್ಕೆ ಹರಿಯಬಹುದಾಗಿದ್ದ ದಾರಿ ಅಲ್ಲಿಗೆ ಮುಚ್ಚಿತು. ಉಳಿದದ್ದು ಇಂಗ್ಲಿಷಿನಲ್ಲಿ ನೇರ ಅರ್ಜಿ ಬರೆಯಬಲ್ಲವರ ದಾರಿ. ಕಾರ್ನಾಡರಿಗೆ ಆ ಇಂಗ್ಲಿಷ್ ಇತ್ತು. ಅದನ್ನವರು ಚೆನ್ನಾಗಿಯೇ ಬಳಸಿದರು.

ಹಾಗಾಗಿ ನಮ್ಮ ಸರ್ಕಾರವನ್ನೂ ಅಕಾಡೆಮಿಗಳನ್ನೂ ಕೇಳಬೇಕಾದ್ದು ಇನ್ನೊಂದು ಉತ್ಸವವನ್ನಲ್ಲ. ಅರ್ಜಿ ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಬರೆಯಲಾರದವನು ಬಾಯಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸಿ ಸ್ವೀಕರಿಸಲಿ. ಪಾಸ್‌ಪೋರ್ಟಿನ ಓಡಾಟಕ್ಕೆ ಜಿಲ್ಲೆಯಲ್ಲೇ ಒಬ್ಬ ಅಧಿಕಾರಿ ಇರಲಿ. ಟಿಕೆಟಿನ ಜೊತೆಗೆ ಅಷ್ಟು ದಿನದ ಕೂಲಿಯನ್ನೂ ಕೊಡಲಿ. ಹೋದವನು ಅಲ್ಲಿ ಒಂದು ಸಂಜೆ ಬಾರಿಸಿ ಬರುವ ಬದಲು, ಅಲ್ಲಿನ ವಾದ್ಯಗಾರನ ಜೊತೆ ತಿಂಗಳೊಪ್ಪತ್ತು ಕೂರುವಂತಾಗಲಿ, ಮರುವರ್ಷ ಆ ವಾದ್ಯಗಾರ ಮುರುಗಮಲೆಗೆ ಬರಲಿ. ಟಿಪ್ಪು ಹುಟ್ಟಿದ ದೇವನಹಳ್ಳಿಯಲ್ಲೇ ವಿಮಾನ ನಿಲ್ದಾಣವಿದೆ. ಚಿಂತಾಮಣಿಯಿಂದ ಬಸ್ಸಿಗೆ ಎರಡು ಗಂಟೆಯ ಹಾದಿ.