ಕ್ರೋನಿನ್ನನ ಕಾದಂಬರಿಯಲ್ಲಿ ಒಂದು ರೋಗನಿದಾನ

ಎ. ಜೆ. ಕ್ರೋನಿನ್ ವೇಲ್ಸಿನ ಟ್ರೆಡೀಗರ್ ಎಂಬ ಗಣಿಯೂರಿನಲ್ಲಿ ವೈದ್ಯನಾಗಿದ್ದವನು. 1937ರಲ್ಲಿ ಪ್ರಕಟವಾದ ಅವನ ‘ದಿ ಸಿಟಡೆಲ್’ ಕಾದಂಬರಿಯಲ್ಲಿ ಎಮ್ಲಿನ್ ಹ್ಯೂಸ್ ಎಂಬಾತನ ಪ್ರಸಂಗವೊಂದಿದೆ. ಸಾಧುವಾಗಿದ್ದ ಎಮ್ಲಿನ್ ಮಂಕಾಗುತ್ತಾನೆ, ಜಗಳಗಂಟನಾಗುತ್ತಾನೆ, ಕೊನೆಗೆ ಹಿಂಸೆಗೂ ಇಳಿಯುತ್ತಾನೆ. ಅವನನ್ನು ಹುಚ್ಚರ ಆಸ್ಪತ್ರೆಗೆ ಕಳುಹಿಸಲು ಎರಡನೆಯ ವೈದ್ಯನ ರುಜು ಬೇಕಾಗಿದೆ. ಅದಕ್ಕಾಗಿ ಬಂದ ತರುಣ ಮ್ಯಾನ್ಸನ್ ರೋಗಿಯ ಉಬ್ಬಿದ ಮುಖವನ್ನೂ ಒಣಗಿದ ತೊಗಲನ್ನೂ ಗಮನಿಸುತ್ತಾನೆ. ಬೆರಳಿಂದ ಒತ್ತಿ ನೋಡಿದರೆ, ನೀರು ತುಂಬಿದ ಬಾವಿನಲ್ಲಿ ಮೂಡುವಂಥ ಕುಳಿ ಮೂಡದು. ಕೆಟ್ಟಿರುವುದು ಬುದ್ಧಿಯಲ್ಲ, ಥೈರಾಯ್ಡ್ ಗ್ರಂಥಿ.

ಇದು ಬರಿಯ ಕಲ್ಪನೆಯಲ್ಲ. 1949ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಇಂತಹ 14 ರೋಗಿಗಳ ವೃತ್ತಾಂತವನ್ನು ಬರೆದಾಗ ಈ ಕಾದಂಬರಿಯನ್ನೂ ನೆನೆದನು.

ಪ್ರಸಂಗದ ಬಿಗಿಯನ್ನು ನಾವು ಮೆಚ್ಚುತ್ತೇವೆ. ಆದರೆ ಕಥೆಗಾರನು ನಾಯಕನ ದಾರಿಯನ್ನು ತೀರ ಸುಗಮಗೊಳಿಸಿದ್ದಾನೆಂಬ ಆಕ್ಷೇಪ ನಮ್ಮದು. ಎಮ್ಲಿನ್ನನ ಮುಖವೇ ರೋಗವನ್ನು ಹೇಳುತ್ತದೆ. ಎಲ್ಲರ ಮುಖವೂ ಹೇಳುವುದಿಲ್ಲ. ನಮ್ಮ ಸೀಮೆಯನ್ನೇ ನೋಡೋಣ. ಇಳಕಲ್ಲಿನ ನೇಕಾರಗಿತ್ತಿಯ ಕೈ ಜೋಮು ಹಿಡಿದರೆ ತಪ್ಪು ಮಗ್ಗದ ಪಾಲಿಗೆ. ಬಾದಾಮಿಯ ಬಂಡೆ ಕಾಯುವ ಬೇಸಗೆಯಲ್ಲಿ ಕೌದಿ ಹೊದೆಯುವ ಅಜ್ಜಿಯದು ಮುಪ್ಪು. ಬಾಗಲಕೋಟೆಯ ಸೊಸೆ ಮಂಕಾಗಿ ಕುಳಿತರೆ ಗಾಳಿ ಸೋಕು. ಈ ಮೂರರ ಹಿಂದೆಯೂ ಗ್ರಂಥಿಯ ಮಾಂದ್ಯವಿರಬಹುದು. ಹುನಗುಂದದ ತರುಣನೊಬ್ಬ ಹೊಲದಲ್ಲಿ ದಣಿದು, ಹಬ್ಬದ ಹೋಳಿಗೆಯುಂಡು ಮಲಗಿ, ಬೆಳಗ್ಗೆ ಕಾಲೆತ್ತಲಾರದೆ ಹೋದನೆನ್ನಿ. ಲಕ್ವವೆಂದು ಮನೆಯವರು ಗೋಳಾಡುವರು. ಗ್ರಂಥಿಯ ಸ್ರಾವ ಮಿತಿಮೀರಿದಾಗ ರಕ್ತದ ಪೊಟ್ಯಾಸಿಯಂ ಕುಸಿದು ಹೀಗಾಗುವುದುಂಟು. ಏಷ್ಯದ ಗಂಡಸರಲ್ಲೇ ಇದು ಹೆಚ್ಚು.

ಇನ್ನು ಬಾಸ್ಟನ್ನಿನ ಫ್ರ್ಯಾಂಕ್ ಲೇಹೀ 1931ರಲ್ಲಿ ವಿವರಿಸಿದ ವೃದ್ಧರ ಬಗೆ. ಸ್ರಾವ ಅಧಿಕವಾಗಿದ್ದರೂ ನಡುಕವಿಲ್ಲ, ಕಣ್ಣು ಹೊರಚಾಚಿಲ್ಲ. ಬಡವಾದ ಮೈ, ನಿರುತ್ಸಾಹ, ಕೆಲವೊಮ್ಮೆ ತಾಳತಪ್ಪಿದ ಎದೆಬಡಿತ, ಇಷ್ಟೆ. ಕಾದಂಬರಿಗೆ ಇಂಥವನು ಒದಗಲಾರನು!

ಮ್ಯಾನ್ಸನ್ನನಿಗಿಲ್ಲದ ಟಿಎಸ್ಎಚ್ ಎಂಬ ರಕ್ತಪರೀಕ್ಷೆ ಇಂದು ನಮಗುಂಟು. ಅದೂ ಕೆಲವೊಮ್ಮೆ ವಂಚಿಸುತ್ತದೆ: ದೋಷವು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯಲ್ಲಿದ್ದರೆ, ಥೈರಾಯ್ಡ್ ಸ್ರಾವ ತಗ್ಗಿದ್ದರೂ ಟಿಎಸ್ಎಚ್ ಅಂಕಿ ಸಹಜವಾಗಿಯೇ ಕಾಣಬಹುದು. ಅಲ್ಲದೆ, ಸಂದೇಹ ಹುಟ್ಟಿದ ಮೇಲಲ್ಲವೆ ಚೀಟಿ ಬರೆಯುವುದು? ಆ ಸಂದೇಹ ಹುಟ್ಟುವ ಗಳಿಗೆಯನ್ನು ಕ್ರೋನಿನ್ ಒಂದೇ ಕೋಣೆಯಲ್ಲಿ, ಸಹಿಯಾಗದ ಕಾಗದದ ಮುಂದೆ ತೋರಿಸಿದನು. ವೈದ್ಯಕೀಯ ಪಠ್ಯಗಳಲ್ಲಿ ನಮಗೆ ಕಾಣದಿರುವುದು ಅದೊಂದೇ.