ರಾಗದ ಮುಂದೆ ನಡೆವ ಮಾತು

ವಚನ ಗಾಯನವನ್ನು ನಾವು ಎಂಟುನೂರು ವರ್ಷದ ಪರಂಪರೆ ಎಂಬಂತೆ ಕೇಳುತ್ತೇವೆ. ವಚನ ಹನ್ನೆರಡನೆಯ ಶತಮಾನದ್ದು, ನಿಜ. ಆದರೆ ತಂಬೂರಿ, ತಬಲಾ, ಪೇಟಿ ಕೂಡಿಸಿಕೊಂಡು ಕಛೇರಿಯಲ್ಲಿ ವಚನ ಹಾಡುವ ಈಗಿನ ರೀತಿ ಬೆಳೆದದ್ದು ಕಳೆದ ನೂರು ವರ್ಷಗಳಲ್ಲಿ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾದದ್ದು 1923ರಲ್ಲಿ. ತಾಳೆಗರಿಯ ಕಟ್ಟುಗಳಲ್ಲಿದ್ದ ವಚನಗಳು ಪುಸ್ತಕವಾಗಿ ಕೈಗೆ ಬಂದ ಮೇಲೆಯೇ ಗವಾಯಿಗಳಿಗೆ ಆರಿಸಿ ಹಾಡುವಷ್ಟು ಸಾಹಿತ್ಯ ದೊರಕಿತು. ಆ ಹೊತ್ತಿಗೆ ಅದನ್ನು ಹಾಡಬಲ್ಲ ಕಂಠಗಳೂ ಗದುಗಿನ ಗುರುಮನೆಯಲ್ಲಿ ತಯಾರಾಗುತ್ತಿದ್ದವು. ಈ ಗಾಯನದ ಹಿರಿಮೆಯನ್ನೂ ಕೊರತೆಯನ್ನೂ ತೂಗಿ ನೋಡಬೇಕಾದರೆ ಗದುಗಿನ ಜೊತೆಗೆ ರಾಯಚೂರು ಸೀಮೆಯನ್ನೂ ಎದುರಿಗಿಟ್ಟುಕೊಳ್ಳಬೇಕು. ಈ ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಆ ಗುರುಮನೆಯ ಶಿಷ್ಯರು. ಅವರ ಹೆಸರೆತ್ತಿದರೆ ಇಲ್ಲಿನ ಜನ ಮೊದಲು ನೆನೆಯುವುದು ವಚನವನ್ನೇ.

ಗದುಗಿನ ಪದ್ಧತಿಯ ಮೂಲಪುರುಷರು ಪಂಚಾಕ್ಷರಿ ಗವಾಯಿಗಳು (1892–1944). ಹುಟ್ಟುಗುರುಡರಾದ ಅವರಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಸರೆಯಾದರು. ಗವಾಯಿಗಳು ಮೊದಲು ಕರ್ನಾಟಕ ಸಂಗೀತ ಕಲಿತು, ಆಮೇಲೆ ಹಿಂದುಸ್ತಾನಿಯನ್ನೂ ಸಾಧಿಸಿ, ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಪಾಠ ಹೇಳಿದರು. ಆ ಗುರುಮನೆಯಾದ ವೀರೇಶ್ವರ ಪುಣ್ಯಾಶ್ರಮದ ನಾಟಕ ಮಂಡಳಿಯೂ ಊರೂರು ತಿರುಗಿತು. ಈ ತಿರುಗಾಟವನ್ನು ಹೊಟ್ಟೆಪಾಡಿನ ಕಥೆಯಾಗಿ ಮಾತ್ರ ನೋಡಬಾರದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ರಂಗಗೀತೆಯ ಒಂದೊಂದು ಅಕ್ಷರವೂ ಕೊನೆಯ ಸಾಲಿನವನಿಗೆ ಮುಟ್ಟಬೇಕಿತ್ತು. ಮಾತು ನುಂಗಿ ರಾಗ ಉಳಿಸುವ ಚಾಳಿ ಅಲ್ಲಿ ನಡೆಯುತ್ತಿರಲಿಲ್ಲ. ಪಂಚಾಕ್ಷರಿಗಳ ಶಿಷ್ಯರಾದ ಪುಟ್ಟರಾಜ ಗವಾಯಿ, ಬಸವರಾಜ ರಾಜಗುರು, ಜಂಬಲದಿನ್ನಿ ಇಂಥವರ ವಚನಗಳಲ್ಲಿ ಉಚ್ಚಾರ ಸ್ವಚ್ಛವಾಗಿರುವುದಕ್ಕೆ ಈ ಪಳಗಿಕೆಯೂ ಕಾರಣವೆಂದು ನಾನು ನಂಬುತ್ತೇನೆ.

ಜಂಬಲದಿನ್ನಿಯವರು ಬಂದ ನೆಲವೂ ಅವರಿಗೆ ಒಂದು ಪಾಠಶಾಲೆಯಾಗಿತ್ತು. ಚೀಕಲಪರ್ವಿಯ ವಿಜಯದಾಸರು, ಮಾನವಿಯ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಇದೇ ಸೀಮೆಯವರು. ಮುದಗಲ್ಲಿನ ಮೊಹರಂನಲ್ಲಿ ಎಲ್ಲ ಜಾತಿಯವರೂ ಸೇರುತ್ತಾರೆ. ಆಗ ಹಾಡುವ ರಿವಾಯತ್ ಪದಗಳು ಇಲ್ಲಿ ಕನ್ನಡದಲ್ಲೇ ಹುಟ್ಟುತ್ತವೆ. ಉತ್ತರಕ್ಕೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯ ಚನ್ನೂರು ಜಲಾಲಸಾಹೇಬರ ಪದಗಳು ಊರಿಂದೂರಿಗೆ ಹರಿದವು. ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಗ್ರಂಥವನ್ನೇ ಬರೆದರು. ಶಿವಯೋಗ ಹೇಳುವ ಬಾಯಿ ಬಿತ್ತನೆಯ ಮಾತನ್ನೂ ಆಡಬೇಕು ಎಂಬುದು ಇಲ್ಲಿನ ಶರಣರ ರೀತಿ. 1948ರವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಕನ್ನಡ ಶಾಲೆಗಳು ವಿರಳ. ಅಕ್ಷರ ಬಾರದ ಮನೆಗಳಲ್ಲಿ ಕನ್ನಡದ ದೊಡ್ಡ ಮಾತುಗಳು ಉಳಿದದ್ದು ಹಾಡಿನಲ್ಲಿ. ಹಾಗಾಗಿ ಇಲ್ಲಿ ಹಾಡುವವನಿಗೆ ಸಾಹಿತ್ಯವನ್ನು ಕಾಪಾಡುವ ಹೊಣೆಯೂ ಇತ್ತು.

ಈಗ ಹಾಡುವ ಬಗೆಯನ್ನೇ ಹತ್ತಿರದಿಂದ ನೋಡೋಣ. ತತ್ವಪದಕ್ಕೆ ಪಲ್ಲವಿ ಇದೆ, ನುಡಿಗಳಿವೆ, ಕೊನೆಗೆ ಅಂಕಿತವಿದೆ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಭಜನೆ ಕೂಡಿದರೆ ಮುಂದಾಳು ಏಕತಾರಿ ಮೀಟುತ್ತ ಒಂದು ಸಾಲು ಎತ್ತುತ್ತಾನೆ. ದಮ್ಮಡಿ, ತಾಳದವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ನುಡಿ ಮುಗಿದಾಗಲೆಲ್ಲ ಪಲ್ಲವಿಗೆ ಮರಳುವುದು ಆ ಪದದ ಕಟ್ಟಿನಲ್ಲೇ ಇದೆ. ನಡುವೆ ಹಾಡು ನಿಲ್ಲಿಸಿ ಅರ್ಥ ಬಿಡಿಸುವವರೂ ಇರುತ್ತಾರೆ. ಕೇಳುವವರು, ಹಾಡುವವರು ಎಂಬ ಗೆರೆ ಅಲ್ಲಿ ತೆಳುವಾಗಿರುತ್ತದೆ.

ವಚನದ ಕಟ್ಟು ಬೇರೆ. ಸಾಲುಗಳು ಒಂದೇ ಅಳತೆಯವಲ್ಲ, ಪ್ರಾಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾತು ಒಂದರ ಮೇಲೊಂದು ಏರುತ್ತ ಹೋಗಿ ಅಂಕಿತದ ಹತ್ತಿರ ತಟ್ಟನೆ ತಿರುಗುತ್ತದೆ. ಇದನ್ನು ಕೆಹರವಾ, ದಾದರಾ ತಾಳಕ್ಕೆ ಕೂರಿಸಬೇಕಾದರೆ ಗಾಯಕ ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆಯಬೇಕು ಎಂದು ತಾನೇ ತೀರ್ಮಾನಿಸಬೇಕು. ಆ ತೀರ್ಮಾನವೇ ಅವನ ವ್ಯಾಖ್ಯಾನ. ಮಲ್ಲಿಕಾರ್ಜುನ ಮನಸೂರರು ಅಕ್ಕಮಹಾದೇವಿಯ ವಚನ ಹಾಡುವಾಗ ಜೈಪುರ ಘರಾಣೆಯ ಪಾಂಡಿತ್ಯವನ್ನೆಲ್ಲ ಬಿಗಿಹಿಡಿದು ಮಾತಿಗೆ ದಾರಿ ಬಿಡುತ್ತಾರೆ. ಗದುಗಿನ ಪದ್ಧತಿಯ ಒಳ್ಳೆಯ ಗಾಯಕರೂ ಇದನ್ನೇ ಮಾಡಿದ್ದಾರೆ. ಕೈಯಲ್ಲಿ ಇಡೀ ರಾಗವಿದ್ದೂ ಅರ್ಥಕ್ಕೆ ಬೇಕಾದಷ್ಟನ್ನೇ ಖರ್ಚು ಮಾಡುವುದು ದೊಡ್ಡ ಸಂಯಮ. ಕನ್ನಡ ಸಂಗೀತಕ್ಕೆ ಈ ಪರಂಪರೆ ಕೊಟ್ಟ ಮುಖ್ಯ ಕಾಣಿಕೆ ಇದೇ ಎಂದು ನನ್ನ ನಂಬಿಕೆ.

ಇನ್ನು ಕೊರತೆಯ ಮಾತು. ಅನೇಕರು ವಚನದ ಮೊದಲ ಸಾಲನ್ನು ಪಲ್ಲವಿ ಮಾಡಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಮರಳುತ್ತಾರೆ. ತತ್ವಪದಕ್ಕೆ ಸಲ್ಲುವ ಈ ಕ್ರಮ ವಚನಕ್ಕೆ ಪೆಟ್ಟು ಕೊಡುತ್ತದೆ. ಶರಣ ಪ್ರಶ್ನೆಯಿಂದ ಹೊರಟು ಉತ್ತರಕ್ಕೆ ತಲುಪಿದ್ದಾನೆ. ಹಾಡು ನಮ್ಮನ್ನು ಮತ್ತೆ ಪ್ರಶ್ನೆಯ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಆಯ್ಕೆಯಲ್ಲಿದೆ. ಬಸವಣ್ಣನವರ ದೈನ್ಯ, ಅಕ್ಕನ ವಿರಹ ಕಛೇರಿಗೆ ಬಂದಷ್ಟು ಅಂಬಿಗರ ಚೌಡಯ್ಯನ ಸಿಟ್ಟು ಬರಲಿಲ್ಲ. ಜಾತಿಯ ಸೊಕ್ಕನ್ನು ಮುಖಕ್ಕೆ ಹೊಡೆದಂತೆ ಕೇಳಿದ ಕಾಳವ್ವೆ, ಗಂಡನಿಗೇ ಕಾಯಕದ ಪಾಠ ಹೇಳಿದ ಆಯ್ದಕ್ಕಿ ಲಕ್ಕಮ್ಮ ಹಾಡಿನಲ್ಲಿ ಅಪರೂಪ. ಭಕ್ತಿ ವೇದಿಕೆ ಏರಿತು, ಜಗಳ ಕೆಳಗೇ ಉಳಿಯಿತು. ವಚನವನ್ನು ಕಛೇರಿಯ ಕೊನೆಯಲ್ಲಿ, ಖಯಾಲು ಮುಗಿದ ಮೇಲೆ ಹಾಡುವ ರೂಢಿಯೂ ಇದಕ್ಕೆ ಇಂಬು ಕೊಟ್ಟಿತು. ಆ ಹೊತ್ತಿನಲ್ಲಿ ಸಭೆ ಬಯಸುವುದು ಇಂಪನ್ನು, ಎದುರುಪ್ರಶ್ನೆಯನ್ನಲ್ಲ. ಆದರೆ ಸಿಟ್ಟನ್ನೂ ಹಾಡಬಹುದು. ಕಂಪನಿ ನಾಟಕದಲ್ಲಿ ಪಳಗಿದ ಪರಂಪರೆಗೆ ರೌದ್ರ, ವೀರ ಹೊಸವೇನಲ್ಲ.

ದೇವರ ಮನೆಯ ಹಾಡು ವೇದಿಕೆಗೆ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮೊಬ್ಬರದಲ್ಲ. ಅಮೆರಿಕದ ಸೋಲ್ ಸಂಗೀತ ಕಪ್ಪು ಜನರ ಚರ್ಚಿನ ಹಾಡಿನಿಂದ ಬೆಳೆಯಿತು. ಅದರ ಮಹಾಗಾಯಕಿ ಅರೀಥಾ ಫ್ರಾಂಕ್ಲಿನ್ 1972ರಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿಗೆ ಮರಳಿ, ಭಕ್ತರ ನಡುವೆ ನಿಂತು ಹಾಡಿದರು. ಆ ಧ್ವನಿಮುದ್ರಣದಲ್ಲಿ ಸಭಿಕರ ಕೂಗು, ಚಪ್ಪಾಳೆ ಹಾಡಿನ ಭಾಗವೇ ಆಗಿವೆ. ಹಾಡು ಕಟ್ಟಿದವನ ಕೈಬಿಟ್ಟು ಹೋದಾಗ ಏನಾಗುತ್ತದೆ ಎಂಬುದರಲ್ಲಿ ದಕ್ಷಿಣ ಆಫ್ರಿಕಾದ ಅನುಭವ ಕಹಿಯಾದದ್ದು. ಸಾಲೊಮನ್ ಲಿಂಡಾ 1939ರಲ್ಲಿ ತನ್ನ ತಂಡದೊಂದಿಗೆ ಹಾಡಿದ ‘ಎಂಬೂಬೆ’ ಜಗತ್ತನ್ನೆಲ್ಲ ಸುತ್ತಿ ಬೇರೆಯವರಿಗೆ ಹಣ ತಂದಿತು. ಲಿಂಡಾ 1962ರಲ್ಲಿ ಬಡವನಾಗಿಯೇ ತೀರಿಕೊಂಡ. ಅವನ ಮಕ್ಕಳಿಗೆ ಪಾಲು ಸಿಗಲು 2006ರವರೆಗೆ ಕಾಯಬೇಕಾಯಿತು.

ನಮ್ಮ ತತ್ವಪದಕ್ಕೆ ಅಂಕಿತದ ಕಾವಲಿದೆ. ಪದ ಕಟ್ಟಿದವನ ಗುರುತು ಪದದೊಳಗೇ ಉಳಿಯುತ್ತದೆ. ಆದರೆ ಅದನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತು ತಂದ ಕಂಠಕ್ಕೆ ಅಂಥ ಕಾವಲಿಲ್ಲ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಸಂಪುಟ ಸಂಪುಟವಾಗಿ ತಂದದ್ದು ದೊಡ್ಡ ಕೆಲಸ. ಆದರೆ ಮಟ್ಟು ಪುಸ್ತಕಕ್ಕೆ ಇಳಿಯುವುದಿಲ್ಲ. ಒಂದೇ ಪದವನ್ನು ಮಸ್ಕಿಯ ಕಡೆಯವರು ಒಂದು ದಾಟಿಯಲ್ಲಿ, ಸಿಂಧನೂರಿನ ಕಡೆಯವರು ಇನ್ನೊಂದು ದಾಟಿಯಲ್ಲಿ ಹಾಡಿದರೆ ಆ ಎರಡೂ ಉಳಿಯಬೇಕು, ಹಾಡಿದವರ ಹೆಸರು, ಊರಿನ ಸಮೇತ ಉಳಿಯಬೇಕು.

ರಾಯಚೂರಿನ ಜಿಲ್ಲಾ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ಆ ಗೌರವ ಸಾರ್ಥಕವಾಗಬೇಕಾದರೆ ಅಲ್ಲಿ ಗವಾಯಿಗಳ ವಚನ ಗಾಯನಕ್ಕೂ ಸಂತೆಕಲ್ಲೂರಿನಂಥ ಊರುಗಳ ಭಜನಾ ಮಂಡಳಿಗೂ ಒಂದೇ ಸಭೆ, ಒಂದೇ ಸಂಭಾವನೆ ಸಿಗಬೇಕು. ಗದುಗಿನ ಪದ್ಧತಿ ಸೊರಗಿಲ್ಲ. ಪುಟ್ಟರಾಜರ ಶಿಷ್ಯ ವೆಂಕಟೇಶ ಕುಮಾರರು ವಚನವನ್ನೂ ದಾಸರ ಪದವನ್ನೂ ಅದೇ ನಿಷ್ಠೆಯಿಂದ ಹಾಡುತ್ತಿದ್ದಾರೆ. ಈ ಪದ್ಧತಿಗೆ ಈಗ ಬೇಕಿರುವುದು ಭಜನಾ ಮಂಡಳಿಯವರಿಂದ ಕಲಿಯುವ ಮನಸ್ಸು. ಸಭೆಯನ್ನು ಮಾತಿನೊಳಗೆ ಎಳೆದುಕೊಳ್ಳುವುದನ್ನು, ಹಾಡು ನಿಲ್ಲಿಸಿ ಅರ್ಥ ಕೇಳುವುದನ್ನು ಭಜನೆಯವರು ಮರೆತಿಲ್ಲ. ಅದನ್ನು ಗವಾಯಿಗಳು ಕಲಿತ ದಿನ ಚೌಡಯ್ಯನ ಸಿಟ್ಟಿಗೂ ರಾಗ ಸಿಗುತ್ತದೆ, ವಚನವೂ ಕಛೇರಿಯ ಕೊನೆಯಿಂದ ನಡುವಿಗೆ ಬರುತ್ತದೆ.